ಇಟ್ಟಿಗೆ ಎತ್ತಬೇಡ ಅಂದಿದ್ದೆಯಲ್ಲ

ಗೆಳೆಯಾ,

ಹೇಗಿದ್ದೀಯೋ? ಅಮ್ಮನ ಮಂಡಿ ನೋವು ಹೇಗಿದೆ? ಪೇಪರಲ್ಲಿ ತಿಪಟೂರು ಕೊಬ್ಬರಿ ರೇಟು ಕಂಡಾಗೆಲ್ಲ ನಿನ್ನ ನೆನಪಾಗುತ್ತೆ. ನೀನು ಅಟ್ಟದ ಮೇಲಿನ ಕಾಯಿ ಇನ್ನೂ ಇಳಿಸಿರೋದಿಲ್ಲ, ಅದೂ ಗೊತ್ತು.

ಇದನ್ನ ನಿನ್ನ ಮೊಬೈಲಿಗೆ ಕಳಿಸಿದರೆ ಓದಿ ಸುಮ್ಮನಾಗುತ್ತೀಯ. ಅದಕ್ಕೇ ನಾಲ್ಕು ಜನ ಓದೋ ಕಡೆ ಹಾಕುತ್ತಿದ್ದೇನೆ, ಯಾರಾದರೂ ನಿನ್ನ ಮುಖಕ್ಕೆ ಹಿಡಿದು ಉತ್ತರ ಕೊಡಿಸುತ್ತಾರೆ ಅಂತ. ನಿನಗೆ ಗೊತ್ತಿರೋದನ್ನೇ ನಿನಗೆ ಬಿಡಿಸಿ ಹೇಳುತ್ತಿದ್ದೇನೆ ಅನ್ನಿಸಿದರೆ ಬೈಕೋಬೇಡ. ಅದು ಉಳಿದವರಿಗೆ.

ವಿಷಯ ಇದು. ಹೋದ ಭಾನುವಾರ ಅಕ್ಕನ ಮಗ ಬಂದಿದ್ದ. ಇಂಜಿನಿಯರಿಂಗ್ ಎರಡನೇ ವರ್ಷ ಈಗ. ಊಟ ಆದ ಮೇಲೆ ಮೊಬೈಲ್ ಉಜ್ಜುತ್ತಾ ಕೂತಿದ್ದವನು ಇದ್ದಕ್ಕಿದ್ದಂತೆ, "ಮಾವ, ಪಠಾಣ್‌ಕೋಟ್‌ನಲ್ಲಿ ತೀರಿಕೊಂಡ ಬಾಂಬ್ ಸ್ಕ್ವಾಡ್ ಆಫೀಸರ್ ಮನೆ ಇಲ್ಲೇ ದೊಡ್ಡಬೊಮ್ಮಸಂದ್ರ ಅಂತೆ, ನಿಮಗೆ ಗೊತ್ತಾ?" ಅಂದ. ಗೊತ್ತು ಅಂದೆ. "ಗುಂಡೇಟು ಬಿದ್ದು ಅಲ್ಲವಂತೆ. ಫೈಟ್ ಎಲ್ಲಾ ಮುಗಿದ ಮೇಲೆ ಟೆರರಿಸ್ಟ್ ಹೆಣದ ಹತ್ತಿರ ಹೋಗಿ. ಹೆಣ ತಾನೇ? ಹತ್ತಿರ ಯಾಕೆ ಹೋಗಬೇಕಿತ್ತು?" ಅಂದ.

ಹುಡುಗ ಕೆಟ್ಟದಾಗಿ ಕೇಳಿದ್ದಲ್ಲ. ನಿಜವಾಗಿ ಅರ್ಥ ಆಗದೆ ಕೇಳಿದ್ದು. ಆದರೂ ನನಗೆ ಒಳಗೆಲ್ಲೋ ಚುರ್ ಅಂತು. ಉತ್ತರ ಹೇಳೋಕೆ ಬಾಯಿ ತೆಗೆದೆ, ಬರೀ "ಅದು ಹಂಗಲ್ಲ ಕಣೋ" ಅನ್ನೋದೊಂದೇ ಬಂತು. ಅಷ್ಟರಲ್ಲಿ ಅವನು ಬೇರೆ ಏನೋ ನೋಡೋಕೆ ಶುರು ಮಾಡಿದ್ದ. ರಾತ್ರಿ ನಿದ್ದೆ ಬರಲಿಲ್ಲ. ನೀನಿದ್ದಿದ್ದರೆ ಒಂದು ಇಟ್ಟಿಗೆ ಇಟ್ಟು ತೋರಿಸುತ್ತಿದ್ದೆ ಅನ್ನಿಸಿತು.

ಲೆಫ್ಟಿನೆಂಟ್ ಕರ್ನಲ್ ನಿರಂಜನ್. ಮೂಲ ಕೇರಳದ ಪಾಲಕ್ಕಾಡ್ ಜಿಲ್ಲೆಯ ಎಳಂಬುಲಶ್ಶೇರಿ. ಬೆಳೆದದ್ದು ಇಲ್ಲೇ ಬೆಂಗಳೂರಲ್ಲಿ. 2004ರಲ್ಲಿ ಸೇನೆ ಸೇರಿದರು. ಸೇರಿದ್ದು ಯಾವ ಕಡೆ ಅಂದರೆ ನೀನು ಸೈನಿಕನಾಗಿದ್ದ ನಿನ್ನದೇ ಮನೆ, ಹಲಸೂರು ಕೆರೆ ಪಕ್ಕದ ಮದ್ರಾಸ್ ಇಂಜಿನಿಯರ್ ಗ್ರೂಪು, ಎಂಇಜಿ ಅಂತಾರಲ್ಲ, ಸೇನೆಯ ಇಂಜಿನಿಯರ್ ಪಡೆ. ಅಲ್ಲಿಂದ ಆಮೇಲೆ ಎನ್‌ಎಸ್‌ಜಿಗೆ ಹೋದರು, ಹರಿಯಾಣದ ಮಾನೇಸರ್‌ನಲ್ಲಿರೋ ಕಪ್ಪು ಬಟ್ಟೆಯ ಕಮಾಂಡೋ ಪಡೆಗೆ. ಅಲ್ಲಿನ ಬಾಂಬ್ ನಿಷ್ಕ್ರಿಯ ದಳ ಅವರ ಕೆಲಸದ ಜಾಗ.

ಆವತ್ತು ಭಾನುವಾರ. 2016ರ ಜನವರಿ 3. ಹಿಂದಿನ ದಿನ, ಶನಿವಾರ ಬೆಳಗಿನ ಜಾವ, ಪಠಾಣ್‌ಕೋಟ್ ವಾಯುನೆಲೆಯೊಳಗೆ ಉಗ್ರರು ನುಗ್ಗಿದ್ದರು. ಶನಿವಾರವೆಲ್ಲ ಟಿವಿ ಮುಂದೆಯೇ. ನಮ್ಮ ಏರಿಯಾ ನಿನಗೆ ಗೊತ್ತಲ್ಲ, ಜಾಲಹಳ್ಳಿ ಪೂರ್ವಕ್ಕೂ ಏರ್‌ಫೋರ್ಸ್, ಪಶ್ಚಿಮಕ್ಕೂ ಏರ್‌ಫೋರ್ಸ್, ನನ್ನ ಅಂಗಡಿಗೆ ಬರೋ ಗಿರಾಕಿಗಳಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ಯೂನಿಫಾರ್ಮ್ ಹಾಕಿದವರು, ಅವತ್ತು ಬಲ್ಬು ಕೊಳ್ಳೋಕೆ ಬಂದವರೂ ಟಿವಿ ನೋಡುತ್ತಾ ನಿಂತುಬಿಟ್ಟಿದ್ದರು. ಶನಿವಾರ ಸಂಜೆ ಹೊತ್ತಿಗೆ ಮುಗೀತು ಅನ್ನೋ ಥರ ಆಯಿತು. ದೆಹಲಿಯಿಂದ ಅಭಿನಂದನೆಗಳೂ ಬಂದವು. ನಾನೂ ಶಟರ್ ಎಳೆದು ಮನೆಗೆ ಹೋಗಿ ಮಲಗಿದೆ.

ಮುಗಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಸತ್ತ ಉಗ್ರನೊಬ್ಬನ ಹೆಣದ ಹತ್ತಿರ ಸ್ಫೋಟ ಆಯಿತು. ನಿರಂಜನ್ ಉಳಿಯಲಿಲ್ಲ. ಜೊತೆಗಿದ್ದ ಕೆಲವರಿಗೂ ಗಾಯ ಆಯಿತು. ಆಮೇಲೆ ಅದೇ ದಿನ ಮತ್ತೆ ಗುಂಡಿನ ಸದ್ದು, ಒಳಗೆ ಇನ್ನೂ ಜನ ಉಳಿದಿದ್ದರು. ಆ ನೆಲೆಯ ಸುತ್ತಳತೆ ಸುಮಾರು 24 ಕಿಲೋಮೀಟರ್ ಅಂತೆ. ಮನೆಗಳು, ಮೆಸ್ಸು, ಪೊದೆ, ಚರಂಡಿ ಎಲ್ಲಾ ಇರೋ ಒಂದು ಸಣ್ಣ ಊರು. ಅದನ್ನ ಇಂಚಿಂಚೂ ಜಾಲಾಡಿ ಮುಗಿಸೋಕೆ ಇನ್ನೂ ದಿನಗಳು ಹಿಡಿದವು. ಒಟ್ಟು ಏಳು ಜನ ನಮ್ಮವರು ಹೋದರು. ಅದರಲ್ಲಿ ಐದು ಜನ ಡಿಫೆನ್ಸ್ ಸೆಕ್ಯುರಿಟಿ ಕೋರ್‌ನವರು, ಒಮ್ಮೆ ಸೇನೆಯಿಂದ ರಿಟೈರ್ ಆಗಿ ಮತ್ತೆ ಕಾವಲಿಗೆ ಸೇರಿದವರು. ನಿನ್ನಂಥವರೇ.

ನಾನು ಆವತ್ತು ನಿನಗೆ ಫೋನ್ ಮಾಡಿದೆ, ನೆನಪಿದೆಯಾ? ಒಂದು, ಎರಡು, ಮೂರು ಸಲ. ನಾಲ್ಕನೇ ಸಲ ಎತ್ತಿದೆ. "ಸುದ್ದಿ ನೋಡಿದೆಯಾ, ಎಂಇಜಿ ಆಫೀಸರ್ ಅಂತೆ" ಅಂದೆ. ನೀನು ತುಂಬ ಹೊತ್ತು ಮಾತಾಡಲಿಲ್ಲ. ಹಿಂದೆ ಎಮ್ಮೆ ಕೂಗಿದ್ದು ಕೇಳಿಸುತ್ತಿತ್ತು. ಆಮೇಲೆ, "ಹೆಣ ಕದಲಿಸುವಾಗಲಾ?" ಅಂದೆ. ಟಿವಿಯವರಿಗೇ ಇನ್ನೂ ಸರಿಯಾಗಿ ಗೊತ್ತಿರಲಿಲ್ಲ, ಗ್ರೆನೇಡ್ ಅನ್ನೋದೊಂದು ಬಿಟ್ಟು. ನಿನಗೆ ಹೇಗೆ ಗೊತ್ತಾಯಿತು ಅಂತ ನಾನು ಕೇಳಲಿಲ್ಲ. ಕೇಳೋ ಧೈರ್ಯ ಬರಲಿಲ್ಲ ಅನ್ನೋದೇ ಸರಿ.

ಮಾರನೇ ದಿನ, ಸೋಮವಾರ, ಬಿಇಎಲ್ ಮೈದಾನಕ್ಕೆ ತಂದರು. ನಾನು ಅಂಗಡಿ ತೆಗೆಯಲೇ ಇಲ್ಲ. ಗಂಗಮ್ಮ ಸರ್ಕಲ್ ಕಡೆಯಿಂದ ಜನ ನಡೆದುಕೊಂಡೇ ಬರುತ್ತಿದ್ದರು. ಬಿಇಎಲ್‌ನಲ್ಲಿ ಮೊದಲ ಪಾಳಿ ಮುಗಿಸಿದವರು ಟಿಫನ್ ಡಬ್ಬಿ ಸಮೇತ, ಸ್ಕೂಲ್ ಮಕ್ಕಳು ಯೂನಿಫಾರ್ಮಿನಲ್ಲೇ. ನನ್ನ ಮುಂದೆ ಒಬ್ಬ ಅಜ್ಜಿ, ಕೈಯಲ್ಲಿ ಒಂದೇ ಒಂದು ಮೊಳ ಸೇವಂತಿಗೆ. ಅವರಿಗೆ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ. "ನಿರಂಜನ ಅಂತೆ, ನಮ್ಮ ಬೀದಿ ಆಚೆ ಬೀದಿ ಹುಡುಗ ಅಂತೆ" ಅಂತ ಪಕ್ಕದವರಿಗೆ ಹೇಳುತ್ತಿದ್ದರು. ಮಂತ್ರಿಗಳು, ಅಧಿಕಾರಿಗಳು ಬಂದು ಹೋದರು, ಅವರು ಬಂದಾಗ ನಮ್ಮ ಸಾಲು ನಿಂತಿತು, ಅವರು ಹೋದ ಮೇಲೆ ಹೊರಟಿತು. ಅಜ್ಜಿ ಅಷ್ಟೂ ಹೊತ್ತು ಸೇವಂತಿಗೆ ಒಣಗದ ಹಾಗೆ ಸೆರಗಿನ ತುದಿ ನೀರಲ್ಲಿ ಅದ್ದಿ ಅದರ ಮೇಲೆ ಹಿಡಿದಿದ್ದರು.

ಹತ್ತಿರ ಹೋದಾಗ ನನಗೆ ಕಂಡಿದ್ದು ಬಾವುಟ, ಹೂವು, ಒಂದು ಫೋಟೋ. ಅಷ್ಟೇ. ಎರಡು ಸೆಕೆಂಡು ಸಿಕ್ಕಿರಬಹುದು. ಮೂವತ್ತರ ನಡುವಿನ ವಯಸ್ಸು. ಮನೆಯಲ್ಲಿ ಹೆಂಡತಿ, ಇನ್ನೂ ಸರಿಯಾಗಿ ಮಾತು ಬಾರದ ಮಗಳು. ಅವರ ಬಗ್ಗೆ ನಾನು ಜಾಸ್ತಿ ಬರೆಯಲ್ಲ, ಆವತ್ತು ಕ್ಯಾಮೆರಾಗಳು ಆ ಮಗುವಿನ ಮುಖದ ಹತ್ತಿರ ಹೋಗಿದ್ದೇ ಸಾಕು. ಅಲ್ಲಿಂದ ಅವರನ್ನ ಕೇರಳದ ಊರಿಗೆ ತಗೊಂಡು ಹೋದರು. ಮಂಗಳವಾರ ಅಲ್ಲಿ ಸಕಲ ಮರ್ಯಾದೆಯೊಂದಿಗೆ ಸಂಸ್ಕಾರ ಆಯಿತು. ಆಮೇಲೆ ಶೌರ್ಯ ಚಕ್ರ ಬಂತು, ಮರಣೋತ್ತರ.

ಒಂದು ಅಡ್ಡಮಾತು. ಆ ವಾರದ ಪೇಪರುಗಳನ್ನ ಓದುವಾಗ ನಂಗೊಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ಸುದ್ದಿಯಲ್ಲಿ ನಿರಂಜನ್ ಅವರದು "ಪಾರ್ಥಿವ ಶರೀರ", ಆ ಉಗ್ರನದು "ಹೆಣ". ಬರೆಯೋದು ಹಾಗೇ ಸರಿ ಬಿಡು, ನಾನೂ ಮೇಲೆ ಹಾಗೇ ಬರೆದಿದ್ದೇನೆ. ಆದರೆ ಆ ಪಾರ್ಥಿವ ಶರೀರ ಆಗಿದ್ದೇ ಆ ಹೆಣವನ್ನ ಬಿಟ್ಟು ಹೋಗೋಕೆ ಆಗದೆ ಇದ್ದದ್ದರಿಂದ ಅಲ್ವಾ.

ಆ ವಾರ ಟಿವಿಯಲ್ಲಿ ಶುರುವಾಯಿತು ನೋಡು ಚರ್ಚೆ. ಬಾಂಬ್ ಸೂಟ್ ಹಾಕಿದ್ದರೋ ಇಲ್ಲವೋ, ನಿಯಮ ಪಾಲಿಸಿದರೋ ಇಲ್ಲವೋ, ರೋಬೋಟ್ ಯಾಕೆ ಬಿಡಲಿಲ್ಲ. ಕೇಳಬಾರದ ಪ್ರಶ್ನೆಗಳು ಅಂತ ನಾನು ಹೇಳಲ್ಲ, ಕೇಳಬೇಕು, ಸೇನೆಯೊಳಗೆ ಕೇಳಿಯೇ ಕೇಳುತ್ತಾರೆ, ಮುಂದಿನವನಿಗೆ ಹಾಗಾಗಬಾರದು ಅಂತ. ಆದರೆ ಇಸ್ತ್ರಿ ಕೋಟು ಹಾಕಿಕೊಂಡು ಎಸಿ ರೂಮಲ್ಲಿ ಕೂತು, ಸುಟ್ಟ ನೆಲ ಇನ್ನೂ ಆರದಿರುವಾಗ, ಅವರದೇ ತಪ್ಪು ಅನ್ನೋ ಧಾಟಿಯಲ್ಲಿ ಕೇಳೋದಿತ್ತಲ್ಲ, ಅದು ನನಗೆ ಈಗಲೂ ಸಹಿಸೋಕೆ ಆಗಲ್ಲ. ನನ್ನ ಅಕ್ಕನ ಮಗನ ಪ್ರಶ್ನೆ ಕೂಡ ಅಲ್ಲಿಂದಲೇ ಹರಿದು ಬಂದ ನೀರು. ಆಗ ಅವನು ಪ್ರೈಮರಿ ಸ್ಕೂಲು.

ಅದೇ ವರ್ಷ ಬೇಸಿಗೆಯಲ್ಲಿ ನಾನು ನಿನ್ನ ಊರಿಗೆ ಬಂದೆ. ಬಂದದ್ದು ಮಾವಿನಹಣ್ಣಿಗೆ, ಆದರೆ ಮನಸ್ಸಲ್ಲಿ ಇದೇ ಇತ್ತು. ರಾತ್ರಿ ಊಟ ಆದ ಮೇಲೆ ಜಗಲಿ ಮೇಲೆ ಕೂತು ಮೆಲ್ಲಗೆ ಕೇಳಿದೆ. ನೀನು ಉತ್ತರ ಕೊಡದೆ ಎದ್ದು ಒಳಗೆ ಹೋದೆ. ಕೋಪ ಬಂತೇನೋ ಅಂದುಕೊಂಡೆ. ಅಟ್ಟದಲ್ಲಿ ಕಾಯಿ ಕಡಿಯೋ ಇಲಿಗೆ ಅಂತ ತಂದಿಟ್ಟಿದ್ದ ಆ ಸ್ಪ್ರಿಂಗ್ ಬೋನು ಹಿಡಿದುಕೊಂಡು ಬಂದೆ, ಹಲಗೆಯದು, ಮೇಲೆ ದಪ್ಪ ಕಂಬಿ ಇರೋದು. ಅಂಗಳದಲ್ಲಿ ಇಟ್ಟೆ. ಕಂಬಿ ಹಿಂದಕ್ಕೆ ಎಳೆದೆ. ಕೊಕ್ಕೆಗೆ ಸಿಕ್ಕಿಸಲಿಲ್ಲ. ಕಂಬಿ ಮೇಲೆ ಒಂದು ಇಟ್ಟಿಗೆ ಇಟ್ಟು ಕೈ ಬಿಟ್ಟೆ. ಅದರ ಮೇಲೊಂದು ಗೋಣಿಚೀಲ ಎಸೆದೆ.

"ಈಗ ಏನು ಕಾಣ್ತಿದೆ?" ಅಂದೆ ನೀನು.

"ಗೋಣಿಚೀಲ" ಅಂದೆ.

"ಎತ್ತು."

ನಾನು ಬಗ್ಗಿ ಚೀಲ ತೆಗೆದು, ಇಟ್ಟಿಗೆಗೆ ಕೈ ಹಾಕೋಕೆ ಹೋದೆ. ನೀನು ಗಬಕ್ಕನೆ ಮಣಿಕಟ್ಟು ಹಿಡಿದೆ. ಆ ಹಿಡಿತ ಇದೆಯಲ್ಲ, ಆಟಕ್ಕೆ ಹಿಡಿದದ್ದಾಗಿರಲಿಲ್ಲ, ಮಾರನೇ ದಿನ ನೋಡಿದರೆ ನಾಲ್ಕು ಬೆರಳಿನ ಗುರುತು ಇತ್ತು. "ಇಟ್ಟಿಗೆ ಎತ್ತಬೇಡ" ಅಂದೆ. ಆಮೇಲೆ ಬಾವಿ ಹಗ್ಗ ತಂದು ಇಟ್ಟಿಗೆಗೆ ಮೆಲ್ಲಗೆ, ಅದು ಒಂದು ಕೂದಲೆಳೆ ಕೂಡ ಅಲುಗದ ಹಾಗೆ, ಒಂದು ಕುಣಿಕೆ ಹಾಕಿದೆ. ಜಗಲಿ ಕಂಬದ ಹಿಂದೆ ನನ್ನನ್ನ ಕೂರಿಸಿ, ನೀನೂ ಕೂತು, ಹಗ್ಗ ಎಳೆದೆ. ಟಪ್ ಅಂತು. ಹಲಗೆ ಒಂದು ಗೇಣು ಹಾರಿ ಬೋರಲು ಬಿತ್ತು. ಒಳಗಿಂದ ಅಮ್ಮ "ಯಾರ್ಲಾ ಅದು?" ಅಂತ ಕೂಗಿದರು.

ಗ್ರೆನೇಡಿನಲ್ಲೂ ಒಂದು ಸ್ಪ್ರಿಂಗ್ ಇರುತ್ತೆ, ಪಿನ್ ಹೋದ ಮೇಲೆ ಅದನ್ನ ತಡೆದು ಹಿಡಿದಿರೋದು ಒಂದು ಲಿವರ್ ಅಷ್ಟೇ, ಆ ಲಿವರನ್ನ ಕೈ ಅಮುಕಿ ಹಿಡಿದರೂ ಒಂದೇ, ಒಬ್ಬ ಸತ್ತವನ ಮೈ ಭಾರ ಅಮುಕಿ ಹಿಡಿದರೂ ಒಂದೇ ಅಂತ ನೀನು ಹೇಳಿದ್ದು ಅವತ್ತೇ. ಸತ್ತವನನ್ನ ಯಾರಾದರೂ ಒಬ್ಬರು ಎತ್ತಲೇಬೇಕು, ಅದನ್ನ ನಂಬಿಕೊಂಡೇ ಇಡುತ್ತಾರೆ ಅಂದೆ. ಆಮೇಲೆ ನೀನು ಇಟ್ಟಿಗೆಯನ್ನ ಅದರ ಜಾಗಕ್ಕೆ ಇಟ್ಟು, ಹಗ್ಗ ಸುತ್ತಿ ಬಾವಿಕಟ್ಟೆ ಮೇಲೆ ಹಾಕಿ, "ಮಲಗು ಹೋಗು, ಬೆಳಿಗ್ಗೆ ಬೇಗ ಏಳಬೇಕು" ಅಂದೆ.

ನಾನು ಮಲಗಲಿಲ್ಲ. ಹಗ್ಗ ಎಳೆದು ಮುಗಿಸಬಹುದಲ್ಲ, ಹಾಗಾದರೆ ಹತ್ತಿರ ಹೋಗೋದೇ ಬೇಡವಲ್ಲ ಅಂತ ಯೋಚಿಸುತ್ತಾ ಬಿದ್ದಿದ್ದೆ. ಬೆಳಗಿನ ಜಾವದ ಹೊತ್ತಿಗೆ ತಲೆಗೆ ಹೊಳೆಯಿತು. ಹಗ್ಗ ಕಟ್ಟಿದ್ದು ಯಾರು? ನೀನು. ಇಟ್ಟಿಗೆ ಹತ್ತಿರ ಮಂಡಿಯೂರಿ ಕೂತು, ಬರಿಗೈಯಲ್ಲಿ.

ಕೈ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ಬಾಂಬ್ ಸೂಟ್ ಮೂವತ್ತು ಕಿಲೋ ಮೇಲೆ ತೂಗುತ್ತೆ. ಒಂದು ಮೂಟೆ ಅಕ್ಕಿಯನ್ನ ಮೈಗೆ ಸುತ್ತಿಕೊಂಡು ನಡೆದ ಹಾಗೆ. ತಲೆ, ಎದೆ, ತೊಡೆ ಎಲ್ಲಕ್ಕೂ ರಕ್ಷಣೆ ಇರುತ್ತೆ. ಕೈಗೆ ಮಾತ್ರ ಇರಲ್ಲ. ಬೆರಳಿಗೆ ದಪ್ಪ ಗವಸು ಹಾಕಿದರೆ ತಂತಿ ಯಾವುದು ಎಳೆ ಯಾವುದು ಅಂತ ಗೊತ್ತಾಗಲ್ಲವಲ್ಲ, ಅದಕ್ಕೆ. ನಾನು ಎಲೆಕ್ಟ್ರಿಕಲ್ ಅಂಗಡಿಯವನು, ಸ್ವಿಚ್ ಬೋರ್ಡ್ ಹಿಂದೆ ಕೈ ಹಾಕೋ ಮುಂಚೆ ಮೇನ್ ಆಫ್ ಮಾಡ್ತೀನಿ. ಇವರಿಗೆ ಆ ಮೇನ್ ಎಲ್ಲಿದೆ ಅಂತಲೇ ಗೊತ್ತಿರಲ್ಲ. ಬೋರ್ಡ್ ಜೋಡಿಸಿದವನು ಇವರನ್ನ ಕೊಲ್ಲೋಕೆ ಅಂತಲೇ ಜೋಡಿಸಿರುತ್ತಾನೆ.

ಇದನ್ನ ಇನ್ನೊಂದು ಸಲ ಕಣ್ಣಾರೆ ನೋಡಿದ್ದು ಮಂಗಳೂರಲ್ಲಿ, ಕಣ್ಣಾರೆ ಅಂದರೆ ಟಿವಿಯಲ್ಲಿ. 2020ರ ಜನವರಿ 20. ಏರ್‌ಪೋರ್ಟಿನ ಹತ್ತಿರ ಯಾರೋ ಬ್ಯಾಗ್ ಬಿಟ್ಟು ಹೋಗಿದ್ದರು, ಒಳಗೆ ಬಾಂಬು. ಬಾಂಬ್ ನಿಷ್ಕ್ರಿಯ ದಳದ ಒಬ್ಬರು ಆ ಸೂಟ್ ಹಾಕಿಕೊಂಡು ಒಬ್ಬರೇ ಹೋದರು. ಅದನ್ನ ವಿಶೇಷ ಗಾಡಿಗೆ ಹಾಕಿ ಕೆಂಜಾರು ಮೈದಾನಕ್ಕೆ ತಗೊಂಡು ಹೋಗಿ, ಮರಳಿನ ಮೂಟೆ ಪೇರಿಸಿ ಸಂಜೆ ಹೊತ್ತಿಗೆ ಸ್ಫೋಟಿಸಿದರು. ಅವರು ನಡೆಯೋದು ನೋಡಿದೆಯಾ ನೀನು? ಗದ್ದೆಯ ಕೆಸರಲ್ಲಿ ನಡೆದ ಹಾಗೆ, ಒಂದೊಂದೇ ಹೆಜ್ಜೆ. ಅಂಗಡಿಯಲ್ಲಿ ಇದ್ದವರೆಲ್ಲ ನಗುತ್ತಿದ್ದರು, ಚಂದ್ರನ ಮೇಲೆ ಹೋಗೋರ ಥರ ಇದ್ದಾರೆ ಅಂತ. ಅವರು ಬ್ಯಾಗಿನ ಹತ್ತಿರ ಬಗ್ಗಿದಾಗ ಯಾರೂ ನಗಲಿಲ್ಲ. ಸಂಜೆ ಅಲ್ಲಿ ಯಾರಿಗೂ ಏನೂ ಆಗಲಿಲ್ಲ, ಅದಕ್ಕೇ ನಮಗೆ ಅದು ಮರೆತೂ ಹೋಯಿತು. ಇದು ಸರಿಯಾಗಿ ಆದ ದಿನ ಯಾರಿಗೂ ನೆನಪಿರದ ಕೆಲಸ.

ರೋಬೋಟ್ ಬಗ್ಗೆ ನಮ್ಮ ಹುಡುಗ ಕೇಳಿಯೇ ಕೇಳುತ್ತಾನೆ, ಇಂಜಿನಿಯರಿಂಗ್ ಓದುತ್ತಿರೋನು. ಇದೆ, ನಮ್ಮ ಡಿಆರ್‌ಡಿಒದವರೇ ಮಾಡಿದ "ದಕ್ಷ" ಅನ್ನೋದು ಇದೆ, ಮೆಟ್ಟಿಲು ಹತ್ತುತ್ತೆ, ದೂರದಲ್ಲಿ ಕೂತು ಅದರ ಕೈ ಆಡಿಸಬಹುದು. ಆದರೆ ಪೊದೆ, ಹಳ್ಳ, ಮುರಿದ ಗೋಡೆ, ಇನ್ನೂ ಎಲ್ಲೋ ಅಡಗಿ ಕೂತಿರಬಹುದಾದ ಬಂದೂಕು, ಇವೆಲ್ಲ ಇರೋ ಕಡೆ ಕೊನೆಗೆ ಒಬ್ಬ ಮನುಷ್ಯ ಹೋಗಿ ನೋಡಬೇಕಾದ ಗಳಿಗೆ ಬಂದೇ ಬರುತ್ತೆ. ಇದು ನಾನು ಹೇಳ್ತಿರೋದಲ್ಲ, ನೀನೇ ಹೇಳಿದ್ದು, ರಾಜಸ್ಥಾನದ ಮಾತು ಬಂದಾಗ.

ರಾಜಸ್ಥಾನದ ವಿಷಯ ನೀನು ನನಗೆ ಹೇಳಿರೋದು ಒಟ್ಟು ಸೇರಿಸಿದರೆ ಹತ್ತು ನಿಮಿಷದ ಮಾತು. ಅದೂ ಇಷ್ಟು ವರ್ಷದಲ್ಲಿ. ಸಂಸತ್ತಿನ ಮೇಲೆ ದಾಳಿ ಆದ ಮೇಲೆ, 2001ರ ಕೊನೆಯಲ್ಲಿ, ಆಪರೇಷನ್ ಪರಾಕ್ರಮ್ ಅಂತ ಸೇನೆಯನ್ನ ಗಡಿಗೆ ಸಾಗಿಸಿದರಲ್ಲ, ಮೈಲುಗಟ್ಟಲೆ ನೆಲಬಾಂಬ್ ಹುಗಿದರಲ್ಲ. ಹತ್ತು ತಿಂಗಳು ಎದುರುಬದುರು ನಿಂತು, ಯುದ್ಧ ಆಗಲೇ ಇಲ್ಲ, ವಾಪಸ್ ಬಂದರು. ಯುದ್ಧ ಆಗಲಿಲ್ಲ ಅಂತ ನಾವೆಲ್ಲ ಇಲ್ಲಿ ನಿಟ್ಟುಸಿರು ಬಿಟ್ಟೆವು. ಆ ಯುದ್ಧವಿಲ್ಲದ ತಿಂಗಳುಗಳಲ್ಲೇ ನೂರಾರು ಜನ ಸತ್ತರು ಅಂತ ನನಗೆ ಆಮೇಲೆ ಎಷ್ಟೋ ವರ್ಷಕ್ಕೆ ಗೊತ್ತಾಯಿತು. ನೀನು ಆ ಬಾಂಬ್ ಹುಗಿಯೋದರಲ್ಲೂ ಇದ್ದೆ, ಹುಗಿದದ್ದನ್ನ ಕಿತ್ತು ತೆಗೆಯೋದರಲ್ಲೂ ಇದ್ದೆ.

ಬೂಟ್ ಪಾಲಿಶ್ ಡಬ್ಬಿ ಅಗಲದ್ದು ಅಂದಿದ್ದೆ. ಪ್ಲಾಸ್ಟಿಕ್. ಲೋಹ ಅನ್ನೋದು ಒಳಗೆ ಎಲ್ಲೋ ಒಂದು ಚೂರು, ಡಿಟೆಕ್ಟರ್ ಆಡಿಸಿದರೆ ಕೂಗಿದರೆ ಕೂಗಿತು ಇಲ್ಲದಿದ್ದರೆ ಇಲ್ಲ. ಇಟ್ಟ ಕಡೆ ಇರುತ್ತಾ? ಮರಳು. ಗಾಳಿ ಬಂದರೆ ಮರಳು ನಡೆಯುತ್ತೆ, ಅದರ ಜೊತೆ ಅದೂ ನಡೆಯುತ್ತೆ. ಹೊಟ್ಟೆ ಮೇಲೆ ಮಲಗಿ ಕಂಬಿಯನ್ನ ಓರೆಯಾಗಿ ಚುಚ್ಚುತ್ತಾ ಒಂದೊಂದೇ ಇಂಚು ಹೋಗೋದು. ಸಾಲಿನಲ್ಲಿ ಎಷ್ಟು ಇಟ್ಟಿದ್ದರೋ ಅಷ್ಟೂ ಲೆಕ್ಕ ಸಿಗಬೇಕು. ಒಂದು ಕಮ್ಮಿ ಬಂದರೆ ಊಟವಿಲ್ಲ. ನಿನ್ನ ಪಕ್ಕದ ಸಾಲಿನ ಸೈನಿಕನಿಗೆ ಆ ಕಮ್ಮಿ ಬಂದ ಒಂದು ಸಿಕ್ಕಿತು, ಕಾಲು ಹೋಯಿತು. ಅದನ್ನ ಹೇಳಿದ ದಿನ ನೀನು ಅವನ ಹೆಸರು ಹೇಳಿದೆ, ಅವನ ಊರು ಹೇಳಿದೆ, ಅವನಿಗೆ ಮೊಸರನ್ನದ ಜೊತೆ ಹಸಿ ಈರುಳ್ಳಿ ಬೇಕೇ ಬೇಕಿತ್ತು ಅಂತ ಹೇಳಿದೆ. ಕಾಲಿನ ವಿಷಯ ಒಂದೇ ವಾಕ್ಯ.

ನಿನ್ನ ಹೆಂಡತಿ ಒಂದು ಸಲ ನನ್ನ ಹತ್ತಿರ ನಗುತ್ತಾ ದೂರು ಹೇಳಿದ್ದರು. "ಅಣ್ಣ, ಇವರು ತೋಟದಲ್ಲಿ ಬಿದ್ದ ಗರಿ ಎತ್ತೋದು ನೋಡಿದೀರಾ? ಮೊದಲು ಕೋಲಲ್ಲಿ ಮುಟ್ಟಿ, ಆಮೇಲೆ ಹಗ್ಗ ಹಾಕಿ ದೂರದಿಂದ ಎಳೀತಾರೆ. ಹಾವಿರುತ್ತೆ ಅಂತಾರೆ. ನಮ್ಮ ತೋಟದಲ್ಲಿ ಹಾವು ಕಂಡು ಎಷ್ಟೋ ವರ್ಷ ಆಯ್ತು." ನಾನೂ ನಕ್ಕೆ ಆಗ. ನೀನೂ ನಕ್ಕೆ.

ನಿಮ್ಮ ಎಂಇಜಿ ಬಗ್ಗೆ ನಾನು ಓದಿದ್ದೆಲ್ಲ ನಿನ್ನಿಂದಾಗಿ. 1780ರಿಂದ ಇರೋ ಪಡೆ, ಬೇರೆ ರೆಜಿಮೆಂಟಿನವರು ನಿಮ್ಮನ್ನೆಲ್ಲ ತಂಬಿ ಅಂತಲೇ ಕರೆಯೋದು, ಇದೆಲ್ಲ ನೀನು ಹೇಳಿದ್ದೆ. ನೀನು ಹೇಳದೆ ಇದ್ದದ್ದು, ನಾನೇ ಹುಡುಕಿ ಓದಿದ್ದು ಎರಡು. ಒಂದು, ಬೆಂಗಳೂರು ಟಾರ್ಪೆಡೊ. 1912ರಲ್ಲಿ ಇಲ್ಲೇ, ಮದ್ರಾಸ್ ಸ್ಯಾಪರ್ಸ್‌ನ (ನಿಮ್ಮ ಎಂಇಜಿಗೇ ಇನ್ನೊಂದು ಹೆಸರು) ಕ್ಯಾಪ್ಟನ್ ಮೆಕ್ಲಿಂಟಾಕ್ ಅನ್ನೋ ಬ್ರಿಟಿಷ್ ಆಫೀಸರ್ ಕಂಡುಹಿಡಿದದ್ದು, ಮದ್ದು ತುಂಬಿದ ಕೊಳವೆಗಳನ್ನ ಒಂದಕ್ಕೊಂದು ಸಿಕ್ಕಿಸಿ ಮುಂದಕ್ಕೆ ತಳ್ಳೋದು. ತಂತಿಬೇಲಿ, ಮರೆಯಲ್ಲಿ ಇಟ್ಟ ಬಾಂಬು, ಎಲ್ಲವನ್ನೂ ದೂರದಿಂದಲೇ ಸಿಡಿಸೋಕೆ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿ ದಡದವರೆಗೂ ನಮ್ಮೂರ ಹೆಸರು ಹೊತ್ತುಕೊಂಡು ಹೋಯಿತು ಅದು. ಅಂದರೆ ನೂರು ವರ್ಷದ ಹಿಂದೆಯೇ ನಿಮ್ಮವರು ಯೋಚಿಸುತ್ತಿದ್ದದ್ದು ಇದನ್ನೇ, ಕೈ ಮುಟ್ಟದ ಹಾಗೆ ಹೇಗೆ ಮುಗಿಸೋದು ಅಂತ.

ಇನ್ನೊಂದು, ಸುಬೇದಾರ್ ಸುಬ್ರಮಣಿಯನ್. 1944, ಇಟಲಿ. ನೆಲಬಾಂಬ್ ತೆಗೆಯುತ್ತಿದ್ದಾಗ ಒಂದು ಚಾಲೂ ಆಯಿತು. ಸಿಡಿಯೋಕೆ ಕೆಲವೇ ಸೆಕೆಂಡು. ಅವರು ಓಡಲಿಲ್ಲ, ಅದರ ಮೇಲೆ ಬಿದ್ದರು. ಸುತ್ತ ಇದ್ದವರು ಉಳಿದರು. ಬ್ರಿಟಿಷರ ದೊಡ್ಡ ಶೌರ್ಯ ಪದಕ ಜಾರ್ಜ್ ಕ್ರಾಸ್ ಕೊಟ್ಟರು ಅವರಿಗೆ. ಇದನ್ನ ಓದಿದ ದಿನ ನಿನಗೆ ಫೋನ್ ಮಾಡಿ ಇದು ನಿಜವಾ ಅಂತ ಕೇಳಿದರೆ, "ನಮಗೆ ಟ್ರೇನಿಂಗಲ್ಲೇ ಹೇಳಿಕೊಡ್ತಾರೆ" ಅಂತ ಅಡುಗೆ ವಿಧಾನ ಹೇಳಿದ ಹಾಗೆ ಹೇಳಿದೆ. ನನಗೆ ಸಿಟ್ಟೇ ಬಂತು.

ಯಲಹಂಕ ನ್ಯೂಟೌನ್ ಕಡೆ ಹೋದರೆ ಮೇಜರ್ ಸಂದೀಪ್ ಉನ್ನಿಕೃಷ್ಣನ್ ರಸ್ತೆ ಸಿಗುತ್ತೆ. ಅವರೂ ಎನ್‌ಎಸ್‌ಜಿ, ಅವರೂ ಕೇರಳ ಮೂಲ, ಬೆಳೆದದ್ದು ಬೆಂಗಳೂರು, 2008ರಲ್ಲಿ ಮುಂಬೈ ತಾಜ್ ಹೋಟೆಲಿನಲ್ಲಿ ಹೋದವರು. ಆಟೋದವರಿಂದ ಹಿಡಿದು ಸ್ಕೂಲ್ ಮಕ್ಕಳವರೆಗೆ ಎಲ್ಲರಿಗೂ ಗೊತ್ತು, ಗೊತ್ತಿರಲೇಬೇಕು. ನಿರಂಜನ್ ಅಂದರೆ ನಮ್ಮ ಏರಿಯಾದಲ್ಲೇ ಎಷ್ಟೋ ಜನ ಒಂದು ಕ್ಷಣ ಯೋಚಿಸುತ್ತಾರೆ. ಒಬ್ಬರನ್ನ ಇನ್ನೊಬ್ಬರ ಜೊತೆ ತೂಗೋಕೆ ಹೇಳುತ್ತಿಲ್ಲ ನಾನು. ಬಂದೂಕು ಹಿಡಿದು ಮೆಟ್ಟಿಲು ಹತ್ತಿದವರ ಕಥೆ ಹೇಳೋಕೆ ಬರುತ್ತೆ, ಕೇಳೋಕೂ ಗೊತ್ತಾಗುತ್ತೆ. ಎಲ್ಲ ಮುಗಿದ ಮೇಲೆ ಅಂಗಳ ಗುಡಿಸೋಕೆ ಅಂತ ಹೋಗಿ ವಾಪಸ್ ಬರದವರ ಕಥೆ ಹೇಗೆ ಹೇಳೋದು ಅಂತ ನಮಗೆ ಇನ್ನೂ ಗೊತ್ತಾಗಿಲ್ಲ.

ಎರಡು ವರ್ಷದ ಹಿಂದೆ ಮಗಳ ಸ್ಕೂಲಿನಲ್ಲಿ ಆಗಸ್ಟ್ 15ರ ಕಾರ್ಯಕ್ರಮ. ಭಾಷಣಕ್ಕೆ ಬಂದವರೊಬ್ಬರು ನಿರಂಜನ್ ಹೆಸರು ಹೇಳಿದರು, ನನಗೆ ಖುಷಿಯಾಯಿತು. ಮುಂದಿನ ವಾಕ್ಯಕ್ಕೇ, "ಉಗ್ರರ ಜೊತೆ ಗುಂಡಿನ ಕಾಳಗದಲ್ಲಿ ವೀರಮರಣ" ಅಂದರು. ಕಾರ್ಯಕ್ರಮ ಮುಗಿದ ಮೇಲೆ ಹೋಗಿ ಮೆಲ್ಲಗೆ ಹೇಳಿದೆ, ಸಾರ್, ಕಾಳಗದಲ್ಲಿ ಅಲ್ಲ, ಬಾಂಬ್ ಸ್ಕ್ವಾಡ್ ಅವರು, ಸತ್ತವನ ಮೈಕೆಳಗಿನ ಗ್ರೆನೇಡು ಅಂತ. ಅವರು ಒಳ್ಳೆಯವರೇ, ನನ್ನ ಭುಜ ತಟ್ಟಿ, "ಇರಲಿ ಬಿಡಿ, ಮಕ್ಕಳಿಗೆ ಹಾಗೆ ಹೇಳಿದರೆ ಚೆನ್ನಾಗಿರಲ್ಲ" ಅಂದರು. ಚೆನ್ನಾಗಿರಲ್ಲ ಅಂತೆ. ಲಾಡು ತಗೊಂಡು ಮನೆಗೆ ಬಂದೆ. ಈಗ ಯೋಚನೆ ಮಾಡಿದರೆ ನಾನೂ ಅದನ್ನೇ ಮಾಡಿದ್ದೇನೆ, ಅಕ್ಕನ ಮಗನ ಮುಂದೆ. ಅವನು ಕೇಳಿದ್ದು ನೆಟ್ಟಗಿನ ಪ್ರಶ್ನೆ. ಹತ್ತಿರ ಯಾಕೆ ಹೋಗಬೇಕಿತ್ತು. ನಾನು ಮುಜುಗರಪಟ್ಟುಕೊಂಡು ನುಂಗಿದೆ.

ಹೇಳಬೇಕಿದ್ದದ್ದು ಇಷ್ಟೇ ಇತ್ತು. ಆ ವಾಯುನೆಲೆಯಲ್ಲಿ ಜನ ವಾಸ ಇದ್ದರು, ಮಕ್ಕಳಿದ್ದರು. ಯಾರಾದರೂ ಒಬ್ಬರು ಅದನ್ನ ಎತ್ತಲೇಬೇಕಿತ್ತು. ಒಬ್ಬ ಜವಾನ, ಒಬ್ಬ ಆಂಬುಲೆನ್ಸ್‌ನವನು, ಒಬ್ಬ ಪೌರಕಾರ್ಮಿಕ, ಯಾರೋ ಒಬ್ಬರು. ಅವರು ಎತ್ತೋ ಮುಂಚೆ ಇವರು ಹೋದರು, ಇವರಿಗೆ ಆ ಕೆಲಸ ಗೊತ್ತಿತ್ತು ಅಂತ. ಎಲ್ಲಾ ಗೊತ್ತಿರೋ ಕರ್ನಲ್ ಒಬ್ಬರು ಕೆಳಗಿನವರನ್ನ ಕಳಿಸಿ ಹಿಂದೆ ನಿಲ್ಲಬಹುದಿತ್ತಲ್ಲ ಅಂತ ನಾನು ನಿನ್ನನ್ನ ಒಂದು ಸಲ ಕೇಳಿದ್ದೆ. ನೀನು ನನ್ನನ್ನ ನೋಡಿದ ರೀತಿ ನೆನಪಿದೆ. ಮಾತಾಡಲಿಲ್ಲ.

ಸರಿ, ಬರೆಯುತ್ತಾ ಹೋದರೆ ಹೀಗೇ ಹೋಗುತ್ತೆ. ಸಂಕ್ರಾಂತಿ ರಜಕ್ಕೆ ಅಕ್ಕನ ಮಗನನ್ನ ಕರೆದುಕೊಂಡು ನಿನ್ನ ಊರಿಗೆ ಬರುತ್ತಿದ್ದೇನೆ. ಅವನಿಗೆ ಹೇಳಿದ್ದೀನಿ, ಅವರೇಕಾಯಿ ಸಾರು ತಿನ್ನೋಕೆ ಅಂತ. ನಿನ್ನ ಹೆಂಡತಿಗೆ ಮೊದಲೇ ಹೇಳಿಡು, ಆಮೇಲೆ ನನ್ನ ಮೇಲೆ ಹಾಕಬೇಡ. ಅಮ್ಮನಿಗೆ ಮಂಡಿಗೆ ಹಚ್ಚೋ ಎಣ್ಣೆ ತರುತ್ತೇನೆ, ಹೋದ ಸಲದ್ದು ಖಾಲಿ ಆಗಿರಬೇಕು.

ಆ ಇಲಿಬೋನು ಇನ್ನೂ ಇದೆಯಾ? ಇಲ್ಲದಿದ್ದರೆ ನಾನೇ ಇಲ್ಲಿಂದ ಒಂದು ತರುತ್ತೇನೆ, ತಿಳಿಸು. ಇಟ್ಟಿಗೆ ನಿನ್ನ ಅಂಗಳದಲ್ಲೇ ಇರುತ್ತೆ. ಈ ಸಲ ಮಣಿಕಟ್ಟು ಸ್ವಲ್ಪ ಮೆಲ್ಲಗೆ ಹಿಡಿ, ಹುಡುಗ ಸಣ್ಣವನು.

ನಿನ್ನ,
ಅಂಗಡಿಯವನು